ಗುಡ್ಡವೋ ಕಡಲೋ

ಪೊಸಡಿಗುಂಪೆಯ ನೆತ್ತಿ ತಲುಪಿದವರು ಮೊದಲು ಯಾವ ದಿಕ್ಕಿಗೆ ಮುಖ ಮಾಡುತ್ತಾರೆ ಎಂಬುದನ್ನು ಗಮನಿಸಬೇಕು. ಮಂಜೇಶ್ವರ ತಾಲೂಕಿನ ಪೈವಳಿಕೆ ಪಂಚಾಯತಿನಲ್ಲಿ, ಧರ್ಮತ್ತಡ್ಕದ ಹತ್ತಿರ ಇರುವ ಈ ಗುಡ್ಡ ಬಹಳ ಎತ್ತರದ್ದೇನಲ್ಲ, ಸುಮಾರು ಸಾವಿರ ಅಡಿ. ಆದರೆ ಸುತ್ತಲಿನ ನೆಲವೆಲ್ಲ ಅದಕ್ಕಿಂತ ತಗ್ಗು. ಹಾಗಾಗಿ ಮಳೆ ಕಳೆದ ಶುಭ್ರ ದಿನಗಳಲ್ಲಿ ಪಡುವಣದ ಅರಬ್ಬೀ ಸಮುದ್ರ, ಮೂಡಣದ ಘಟ್ಟದ ಸಾಲು ಎರಡೂ ಒಂದೇ ಜಾಗದಿಂದ ಕಾಣಸಿಗುತ್ತವೆ. ಕೆಲವರು ಹತ್ತಿದ ಕೂಡಲೇ ಕಡಲಿನ ಕಡೆ ತಿರುಗಿ, ಹಿಂದೆ ಉಳಿದವರನ್ನು ಕೂಗಿ ಕರೆದು, ಎಲ್ಲರನ್ನೂ ಸೇರಿಸಿ ಫೋಟೋ ತೆಗೆಯುತ್ತಾರೆ. ಕೆಲವರು ಯಾರಿಗೂ ಹೇಳದೆ ಮೂಡು ಬದಿಯ ಅಂಚಿಗೆ ಹೋಗಿ ಬೆಟ್ಟಗಳನ್ನು ನೋಡುತ್ತ ನಿಲ್ಲುತ್ತಾರೆ. ನೋಡುವವರಿಗೆ ಇವರು ಎರಡು ಬೇರೆ ಬೇರೆ ಬಗೆಯ ಮನುಷ್ಯರು ಎಂದೇ ಅನಿಸುತ್ತದೆ. ಕಡಲಿನವರು, ಗುಡ್ಡದವರು.

ಹೀಗೆ ಅನಿಸುವುದಕ್ಕೆ ವಿಜ್ಞಾನದ ಬೆಂಬಲವೂ ಸ್ವಲ್ಪ ಇದೆ. ಮನೋವಿಜ್ಞಾನಿ ಶಿಗೆಹಿರೊ ಓಯಿಶಿ ಮತ್ತು ಅವರ ಸಂಗಡಿಗರು 2015ರಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಅಂತರ್ಮುಖಿಗಳು ಬೆಟ್ಟಗಳತ್ತ ಹೆಚ್ಚು ಒಲಿಯುತ್ತಾರೆ, ಬಹಿರ್ಮುಖಿಗಳು ಕಡಲನ್ನು ಇಷ್ಟಪಡುತ್ತಾರೆ ಎಂದು ಅವರ ಅಧ್ಯಯನಗಳು ತೋರಿಸಿದವು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ ಬರಹದ ಇನ್ನೊಂದು ಭಾಗ. ನಾಲ್ಕು ಜನರ ಜೊತೆ ಸೇರಿ ಕಾಲ ಕಳೆಯಬೇಕಾದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದಾಗ ಶೇ. 75ರಷ್ಟು ಜನ ಕಡಲನ್ನು ಆರಿಸಿದರು, ಶೇ. 25ರಷ್ಟು ಜನ ಬೆಟ್ಟವನ್ನು. ಒಬ್ಬರೇ ಇದ್ದು ಮನಸ್ಸು ಹಗುರ ಮಾಡಿಕೊಳ್ಳಬೇಕಾದರೆ ಎಂದು ಕೇಳಿದಾಗ ಎರಡೂ ಹೆಚ್ಚು ಕಡಿಮೆ ಸಮ ಸಮ ಬಂದವು. ಎಂದರೆ ಆಯ್ಕೆಯನ್ನು ತೀರ್ಮಾನಿಸಿದ್ದು ಆ ಮನುಷ್ಯನ ಸ್ವಭಾವ ಮಾತ್ರವಲ್ಲ, ಆ ಹೊತ್ತಿಗೆ ಆತನಿಗೆ ಏನು ಬೇಕಾಗಿತ್ತು ಎಂಬುದೂ ಹೌದು. ಈ ಅಧ್ಯಾಯ ಹಿಡಿದು ಹೊರಟಿರುವ ಎಳೆ ಅದು.

2020ರಲ್ಲಿ ಇನ್ನೂ ದೊಡ್ಡ ಅಧ್ಯಯನವೊಂದು ಬಂತು. ಫ್ರೆಡ್ರಿಕ್ ಗೋಟ್ಸ್ ಮತ್ತು ಸಂಗಡಿಗರು 33 ಲಕ್ಷಕ್ಕೂ ಮಿಕ್ಕಿದ ಅಮೆರಿಕನ್ನರ ಪ್ರಶ್ನಾವಳಿಗಳನ್ನು ಅವರವರು ವಾಸಿಸುವ ಊರಿನ ಏರುತಗ್ಗಿನ ಜೊತೆ ಹೋಲಿಸಿ ನೋಡಿದರು. ಬೆಟ್ಟದ ಸೀಮೆಯವರಲ್ಲಿ ಹೊಸತಿನ ಕುತೂಹಲ ಸ್ವಲ್ಪ ಹೆಚ್ಚು. ಇನ್ನೊಬ್ಬರಿಗೆ ಹೊಂದಿಕೊಳ್ಳುವ ಗುಣ, ಬಹಿರ್ಮುಖತೆ, ಅಚ್ಚುಕಟ್ಟುತನ, ಆತಂಕದ ಒಲವು ಸ್ವಲ್ಪ ಕಡಿಮೆ. ವ್ಯತ್ಯಾಸಗಳೆಲ್ಲ ಸಣ್ಣವು. ಗಡಿಸೀಮೆಯನ್ನು ಹುಡುಕಿಕೊಂಡು ಹೋಗಿ ನೆಲೆಸಿದ ಹಿಂದಿನವರ ಸ್ವಭಾವದ ಗುರುತು ಇದರಲ್ಲಿ ಉಳಿದಿರಬಹುದು ಎಂಬುದು ಅವರು ಕೊಟ್ಟ ಒಂದು ವಿವರಣೆ.

ಕಾಸರಗೋಡಿನ ಮೂಡುಭಾಗಕ್ಕೆ ಈ ವಿವರಣೆಯನ್ನು ತಂದು ಇಟ್ಟರೆ ಅದರ ತೊಡಕು ಗೊತ್ತಾಗುತ್ತದೆ. ರಾಜಪುರಂ, ಪನತ್ತಡಿ ಕಡೆಯ ಮಲೆಗಳಿಗೆ ಕಳೆದ ಶತಮಾನದಲ್ಲಿ ತಿರುವಾಂಕೂರಿನಿಂದ ಸಂಸಾರ ಸಮೇತ ಬಂದು ನೆಲೆಸಿದವರಿದ್ದಾರೆ. ರಾಜಪುರಂನ ವಸಾಹತು ಶುರುವಾದದ್ದು 1943ರಲ್ಲಿ. ಇಂದು ಚಾರಣಕ್ಕೆ ಹೆಸರಾದ ರಾಣಿಪುರಂಗೆ ಮೊದಲಿದ್ದ ಹೆಸರು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯ ಆ ನೆಲವನ್ನು ಪಡೆದ ಮೇಲೆ ಈಗಿನ ಹೆಸರು ಬಂತು. ಅಷ್ಟು ದೂರದಿಂದ ಹೊರಟು ಬಂದವರಿಗೆ ಗುಡ್ಡ ಎದೆಗಾರಿಕೆ ಕೊಟ್ಟಿತೋ, ಎದೆಗಾರಿಕೆ ಇದ್ದವರೇ ಗುಡ್ಡ ಹುಡುಕಿಕೊಂಡು ಬಂದರೋ? ಜನ ವಾಸಿಸುವ ಜಾಗವನ್ನಷ್ಟೇ ನೋಡಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ರಜೆಯ ನಡಿಗೆಯಲ್ಲಾದರೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಬೇಕಲದ ಮರಳಿನ ಮೇಲೆ ಇವತ್ತು ನಡೆದವರೇ ನಾಳೆ ಕಾಞಂಗಾಡಿನಿಂದ ಬಸ್ಸು ಹತ್ತಿ, 50 ಕಿಲೋಮೀಟರಿಗೂ ಕಡಿಮೆ ದೂರದ ರಾಣಿಪುರಂನಲ್ಲಿ ಕಾಡಿನ ಏರು ಹತ್ತಬಲ್ಲರು. ಮನುಷ್ಯ ಅದೇ, ನೆಲ ಬೇರೆ. ಕೇರಳದ 44 ನದಿಗಳಲ್ಲಿ 12 ಹರಿಯುವ ಈ ಸಣ್ಣ ಜಿಲ್ಲೆಯಲ್ಲಿ ನೆಲದ ವೈವಿಧ್ಯಕ್ಕೆ ಬರವಿಲ್ಲ. ಕೊಡಗಿನ ಕಾಡಿನಿಂದ ಇಳಿದು ಬರುವ ಪಯಸ್ವಿನಿ ಚಂದ್ರಗಿರಿಯಾಗಿ ಸಮುದ್ರ ಸೇರಲು 100 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸುತ್ತಾಳೆ. ಕೇರಳದ ಅತಿ ಸಣ್ಣ ನದಿಯಾದ ಮಂಜೇಶ್ವರದ ಹೊಳೆಯ ಉದ್ದ ಬರೀ 16 ಕಿಲೋಮೀಟರ್.

ಮನುಷ್ಯರನ್ನು ಬಗೆಗಳಾಗಿ ವಿಂಗಡಿಸುವ ಆಸೆ ಬಹಳ ಹಳೆಯದು. ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಪ್ರಕೃತಿಗಳಿವೆ, ಗ್ರೀಕರಲ್ಲಿ ನಾಲ್ಕು ದೇಹರಸಗಳಿದ್ದವು. ಆಧುನಿಕ ಮನೋವಿಜ್ಞಾನ ಹಿಡಿದ ದಾರಿ ಬೇರೆ. ಮನುಷ್ಯರ ನಡುವಿನ ಮುಖ್ಯ ವ್ಯತ್ಯಾಸಗಳಿಗೆಲ್ಲ ಜನ ತಮ್ಮ ಮಾತಿನಲ್ಲಿ ಹೆಸರಿಟ್ಟೇ ಇರುತ್ತಾರೆ ಎಂಬ ಊಹೆಯಿಂದ ಅದು ಹೊರಟಿತು. 1936ರಲ್ಲಿ ಗೋರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ ಇಂಥ ಸುಮಾರು 18,000 ಪದಗಳನ್ನು ಹೆಕ್ಕಿದರು. ಯಾವ ಪದಗಳು ಒಟ್ಟಿಗೆ ಓಡಾಡುತ್ತವೆ, ಎಂದರೆ ಒಂದು ಗುಣ ಇದ್ದವರಲ್ಲಿ ಇನ್ನು ಯಾವ ಯಾವ ಗುಣಗಳೂ ಇರುತ್ತವೆ ಎಂದು ಮುಂದಿನವರು ಲೆಕ್ಕ ಹಾಕುತ್ತ ಹೋದಾಗ ಐದು ದೊಡ್ಡ ಗೊಂಚಲುಗಳು ಉಳಿದವು. ಹೊಸತಿಗೆ ತೆರೆದುಕೊಳ್ಳುವ ಮನಸ್ಸು, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಾಣಿಕೆ, ಆತಂಕದ ಒಲವು. 1980ರ ದಶಕದಿಂದ ಇವನ್ನು ‘ಬಿಗ್ ಫೈವ್’ ಎಂದು ಕರೆಯುತ್ತಾರೆ. ಇವು ಐದು ಬಗೆಯ ಮನುಷ್ಯರಲ್ಲ, ಐದು ಅಳತೆಪಟ್ಟಿಗಳು. ನಾವೆಲ್ಲರೂ ಐದರಲ್ಲಿಯೂ ಎಲ್ಲೋ ಒಂದು ಕಡೆ ನಿಲ್ಲುತ್ತೇವೆ, ಹೆಚ್ಚಿನವರು ನಡುವಿನ ಆಸುಪಾಸಿನಲ್ಲಿ. ಈ ವ್ಯತ್ಯಾಸಗಳಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ವಂಶವಾಹಿಗಳಿಂದ ಬರುತ್ತದೆ ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ.

ನಡೆಯುವಾಗ ಇವು ಹೇಗೆ ಹೊರಬೀಳುತ್ತವೆ ಎಂದು ನೋಡಲು ಕಾಸರಗೋಡಿನ ಮುರಕಲ್ಲಿನ ಪದವುಗಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಕುಂಬಳೆಯ ಅನಂತಪುರದ ಸುತ್ತಲಿನ ಪದವಿನ ಮೇಲೆ ನಡೆದರೆ ಕಾದು ಕಪ್ಪಾದ ಕಲ್ಲಿನ ಬಯಲು, ಅಲ್ಲಲ್ಲಿ ಒಣಹುಲ್ಲು, ಬೇರೇನಿಲ್ಲ. ಮಳೆ ಹಿಡಿದ ಮೇಲೆ ಅದೇ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಬೆರಳಿನುದ್ದದ ಗಿಡಗಳು ಎದ್ದು, ಓಣಂ ಹೊತ್ತಿಗೆ ಇಡೀ ಬಯಲು ನೀಲಿಯಾಗುತ್ತದೆ. ಆ ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯಾ ಹುಳ ಹಿಡಿದು ತಿನ್ನುವ ಸಸ್ಯ. ಕೆಸರಿನೊಳಗೆ ಅದರ ಸಣ್ಣ ಸಣ್ಣ ಚೀಲಗಳಿರುತ್ತವೆ. ಜೀವಿಯೊಂದು ಚೀಲದ ಬಾಯಿಯ ರೋಮವನ್ನು ಮುಟ್ಟಿದ್ದೇ ತಡ, ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಚೀಲ ಅದನ್ನು ಒಳಗೆಳೆದುಕೊಳ್ಳುತ್ತದೆ. ಇಷ್ಟೆಲ್ಲ ನಡೆಯುತ್ತಿರುವ ನೆಲವನ್ನು ಕೆಲವರು ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತ ದಾಟಿ ಹೋಗುತ್ತಾರೆ. ಕೆಲವರು ಮೊಣಕಾಲೂರಿ ಕೂತುಬಿಡುತ್ತಾರೆ, ಕರೆದರೂ ಏಳುವುದಿಲ್ಲ. ಎರಡನೆಯವರು ಹೊಸತಿಗೆ ತೆರೆದ ಮನಸ್ಸಿನ ಪಟ್ಟಿಯಲ್ಲಿ ಮೇಲೆ ನಿಲ್ಲುವವರು.

ಇವರ ಪೈಕಿ ಚರಿತ್ರೆಯಲ್ಲಿ ಹೆಸರು ಉಳಿಸಿದವನೊಬ್ಬ ಈ ದಾರಿಯಲ್ಲೇ ಹೋಗಿದ್ದಾನೆ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು, ಮೈಸೂರು, ಮಲಬಾರುಗಳನ್ನು ಸುತ್ತಿ, 1801ರ ಜನವರಿಯಲ್ಲಿ ನೀಲೇಶ್ವರ, ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರಗಳ ಮೂಲಕ ಮಂಗಳೂರು ಸೇರಿದ. ಕಾಲ್ನಡಿಗೆಯ ವೇಗಕ್ಕಿಂತ ಬೇಗ ಸಾಗದ ಪ್ರಯಾಣ ಅದು. ಆ ಸುತ್ತಾಟದಲ್ಲೇ, ತುಸು ಮೊದಲು, ಮಲಬಾರಿನ ಅಂಗಾಡಿಪುರಂನಲ್ಲಿ ಜನ ನೆಲದಿಂದ ಮೆತ್ತಗಿನ ಕೆಂಪು ಕಲ್ಲನ್ನು ಕಡಿದು ತೆಗೆಯುವುದನ್ನೂ, ಗಾಳಿಗೆ ಒಡ್ಡಿದ ಮೇಲೆ ಅದು ಇಟ್ಟಿಗೆಯಂತೆ ಗಟ್ಟಿಯಾಗುವುದನ್ನೂ ಆತ ನಿಂತು ನೋಡಿದ್ದ. 1807ರಲ್ಲಿ ಅಚ್ಚಾದ ತನ್ನ ಮೂರು ಸಂಪುಟಗಳ ಪ್ರವಾಸಕಥನದಲ್ಲಿ ಆ ಕಲ್ಲಿಗೆ, ಎಂದರೆ ನಮ್ಮ ಮುರಕಲ್ಲಿಗೆ, ಆತ ಕೊಟ್ಟ ಹೆಸರೇ ಲ್ಯಾಟರೈಟ್. ಇಂದು ಇಡೀ ಜಗತ್ತಿನ ಭೂವಿಜ್ಞಾನಿಗಳು ಆ ಹೆಸರನ್ನೇ ಬಳಸುತ್ತಾರೆ. ಆದರೆ ಬುಕಾನನ್‌ನನ್ನು ಬರೀ ಕುತೂಹಲಿ ಎಂದು ಕರೆದರೆ ಅರ್ಧ ಮಾತಾದೀತು. ಊರೂರಿನಲ್ಲಿ ಮಣ್ಣು, ಬೆಳೆ, ಬೆಲೆ, ಕಂದಾಯಗಳ ಬಗ್ಗೆ ವಿಚಾರಿಸಿ ದಿನದಿನವೂ ಬರೆದಿಟ್ಟ ಆತನ ಶಿಸ್ತು ಅಚ್ಚುಕಟ್ಟುತನದ ಪಟ್ಟಿಗೆ ಸೇರಿದ್ದು. ಕುತೂಹಲ ಆತನನ್ನು ನಿಲ್ಲಿಸಿತು, ಶಿಸ್ತು ಆತನಿಂದ ಬರೆಸಿತು.

ಅಚ್ಚುಕಟ್ಟಿನವರು ಗುಂಪಿನಲ್ಲಿ ಇರುವುದು ನೀರು ಮುಗಿದಾಗ ತಿಳಿಯುತ್ತದೆ, ಏಕೆಂದರೆ ಅವರ ಚೀಲದಲ್ಲಿ ಇನ್ನೊಂದು ಬಾಟ್ಲಿ ಇರುತ್ತದೆ. ಹೊಂದಾಣಿಕೆಯವರು ಹಿಂದೆ ಉಳಿದವರ ಜೊತೆ ತಾವೂ ಹಿಂದುಳಿಯುತ್ತಾರೆ. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯವಿಲ್ಲ, ಅವರ ಜೊತೆ ನಡೆದವರಿಗೆಲ್ಲ ಅದು ಗೊತ್ತು.

ಬಹಿರ್ಮುಖತೆಯ ಹಿಂದೆ ಶರೀರಶಾಸ್ತ್ರದ ಒಂದು ಕಥೆಯಿದೆ. ಹಾನ್ಸ್ ಐಸೆಂಕ್ 1967ರಲ್ಲಿ ಮಂಡಿಸಿದ ವಾದದ ಪ್ರಕಾರ ಅಂತರ್ಮುಖಿಗಳ ಮಿದುಳು ಸಹಜವಾಗಿಯೇ ಹೆಚ್ಚು ಎಚ್ಚರದ ಸ್ಥಿತಿಯಲ್ಲಿರುತ್ತದೆ. ಹೊರಗಿನ ಗದ್ದಲ ಅವರಿಗೆ ಬೇಗ ಸಾಕಾಗುತ್ತದೆ. ಬಹಿರ್ಮುಖಿಗಳಿಗೆ ಅದೇ ಎಚ್ಚರದ ಮಟ್ಟ ಮುಟ್ಟಲು ಜನ, ಮಾತು, ಸದ್ದು ಬೇಕು. ಇದನ್ನು ಪರೀಕ್ಷಿಸಲು ನಾಲಿಗೆಯ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ಎಷ್ಟು ಜೊಲ್ಲು ಸುರಿಯುತ್ತದೆ ಎಂದು ತೂಗಿ ನೋಡಿದರು. ಅಂತರ್ಮುಖಿಗಳಿಗೆ ಹೆಚ್ಚು ಸುರಿಯಿತು. ಆಮೇಲಿನ ಪ್ರಯೋಗಗಳೆಲ್ಲ ಇಷ್ಟು ನಿಚ್ಚಳ ಉತ್ತರ ಕೊಡಲಿಲ್ಲ, ಎಚ್ಚರದ ಸಿದ್ಧಾಂತವನ್ನೂ ಈಗ ಬಹಳ ತಿದ್ದಲಾಗಿದೆ. ನಿಂಬೆಯ ಬದಲು ಪುನರ್ಪುಳಿಯ ಸಿಪ್ಪೆ ಬಾಯಿಗೆ ಹಾಕಿಕೊಂಡು ನಡೆಯುವ ನಮ್ಮೂರಿನವರಲ್ಲಿ ಯಾರು ಯಾವ ಬಗೆ ಎಂದು ಜೊಲ್ಲಿನಿಂದ ಹೇಳಲು ಹೊರಡಬಾರದು.

ಆತಂಕದ ಒಲವನ್ನು ಹೊರಗೆಳೆಯುವ ಕೆಲಸವನ್ನು ಮಳೆಗಾಲದ ರಾಣಿಪುರಂನಲ್ಲಿ ಉಂಬಳಗಳು ಮಾಡುತ್ತವೆ. ಸುಮಾರು 750 ಮೀಟರ್ ಎತ್ತರದ ಈ ತಾಣದಿಂದ ಮೇಲಕ್ಕೆ ಹೋಗುವ ಕಾಲುದಾರಿ ಮೊದಲು ಶೋಲಾ ಕಾಡಿನ ನೆರಳಿನಲ್ಲಿ ಏರುತ್ತದೆ, ಆಮೇಲೆ ಏಕಾಏಕಿ ಹುಲ್ಲುಗಾವಲಿಗೆ ತೆರೆದುಕೊಳ್ಳುತ್ತದೆ. ಆಚೆಗೆ ಕೊಡಗಿನ ತಲಕಾವೇರಿ ಅಭಯಾರಣ್ಯದ ಕಾಡು. ನೆರಳಿನ ಭಾಗದಲ್ಲಿ ಒದ್ದೆ ತರಗೆಲೆಯ ಮೇಲೆ ನಿಂತ ಕ್ಷಣದಲ್ಲೇ ಉಂಬಳಗಳು ಮೈ ನಿಗುಚಿ ಹುಡುಕತೊಡಗುತ್ತವೆ. ಮನುಷ್ಯನ ಬಿಸಿ, ಹೆಜ್ಜೆಯ ಅದುರು, ಉಸಿರು ಇವೆಲ್ಲ ಅವಕ್ಕೆ ಗೊತ್ತಾಗುತ್ತವೆ. ಕೆಲವರು ಹತ್ತು ಹೆಜ್ಜೆಗೊಮ್ಮೆ ಕಾಲು ತಪಾಸಣೆ ಮಾಡಿಕೊಳ್ಳುತ್ತಾರೆ. ಕೆಲವರು ಕೆಳಗಿಳಿದು ಬಂದ ಮೇಲೆ ರಕ್ತ ಕಂಡು ಆಗ ತಿಳಿಯುತ್ತಾರೆ. ಮೊದಲನೆಯವರನ್ನು ಪುಕ್ಕಲರು ಎಂದು ನಗುವುದುಂಟು. ಅದು ಸರಿಯಲ್ಲ. ಆನೆಯ ಲದ್ದಿ ಹಸಿಯಾಗಿದೆ, ಮೋಡ ಕಟ್ಟುತ್ತಿದೆ, ಜೊತೆಯ ಹುಡುಗನೊಬ್ಬ ಎಲ್ಲೂ ಕಾಣುತ್ತಿಲ್ಲ ಎಂಬ ಸಂಗತಿಗಳನ್ನು ಗುಂಪಿನಲ್ಲಿ ಮೊದಲು ಹೇಳುವವರು ಅವರೇ. ಕಾಡಂಚಿನಲ್ಲಿ ಬಾಳಿದ ನಮ್ಮ ಪೂರ್ವಿಕರ ಗುಂಪುಗಳಿಗೆ ಇಂಥವರು ಬೇಕಾಗಿದ್ದರು. ಈ ಗುಣ ಇಂದಿಗೂ ಮನುಷ್ಯರಲ್ಲಿ ಉಳಿದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು ಎಂದು ವಿಕಾಸವಾದಿಗಳು ಊಹಿಸುತ್ತಾರೆ.

ಇನ್ನು ಬೇಕೆಂದೇ ಅಂಚಿಗೆ ಹೋಗಿ ನಿಲ್ಲುವವರು. ರೋಮಾಂಚನದ ಹಸಿವನ್ನು ಅಳೆಯಲು ಮಾರ್ವಿನ್ ಜುಕರ್‌ಮನ್ 1964ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದರ ಮುಂದಿನ ರೂಪದಲ್ಲಿ ನಾಲ್ಕು ಕವಲುಗಳಿವೆ: ಅಪಾಯದ ಸಾಹಸ, ಹೊಸ ಅನುಭವ, ಕಟ್ಟುಪಾಡು ಸಡಿಲಿಸುವುದು, ಬೇಗ ಬೇಸರವಾಗುವುದು. ನಡಿಗೆಯ ರಜೆಯನ್ನು ಆರಿಸಿಕೊಂಡವರಲ್ಲಿ ನಾನು ಕಂಡಂತೆ ಎರಡನೆಯದು ಧಾರಾಳ, ಮೊದಲನೆಯದು ಅಷ್ಟಿಲ್ಲ. ಬೇಗ ಬೇಸರವಾಗುವವರು ಅರ್ಧ ದಾರಿಯಲ್ಲಿ “ಇನ್ನು ಎಷ್ಟು ದೂರ ಉಂಟು ಮಾರಾಯ?” ಎಂದು ಶುರು ಮಾಡುತ್ತಾರೆ.

ಇಷ್ಟು ಹೇಳಿದ ಮೇಲೆ, ಇದನ್ನೆಲ್ಲ ಅಲುಗಾಡಿಸುವ ಒಂದು ಸಂಗತಿಗೆ ಬರಬೇಕು. ದಾರಿಯಲ್ಲಿ ನಾವು ಸ್ವಭಾವ ಎಂದುಕೊಳ್ಳುವುದರಲ್ಲಿ ಎಷ್ಟೋ ಪಾಲು ಬರೀ ಉಸಿರು. ನಡೆಯುತ್ತ ಮಾತಾಡುವುದಕ್ಕೂ ಏರಿಗೂ ಹೊಂದಿಕೆಯಾಗುವುದಿಲ್ಲ, ಏಕೆಂದರೆ ಮಾತಿಗೆ ಬೇಕಾದ ದೀರ್ಘ ನಿಶ್ವಾಸವನ್ನು ಏದುಸಿರು ಬಿಟ್ಟುಕೊಡುವುದಿಲ್ಲ. ಕುಂಬಳೆ ಪೇಟೆಯಲ್ಲಿ ಬಾಯಿ ಮುಚ್ಚದವನು ರಾಣಿಪುರಂನ ಏರಿನಲ್ಲಿ ಮೌನಿಯಾದರೆ ಆತ ಅಂತರ್ಮುಖಿಯಾಗಿಬಿಟ್ಟ ಎಂದಲ್ಲ. ಮರಳೂ ಹೀಗೆಯೇ. ಸಡಿಲ ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಹೆಚ್ಚು ಶಕ್ತಿ ಬೇಕು ಎಂದು 1998ರಲ್ಲಿ ಲೆಜೂನ್ ಮತ್ತು ಸಂಗಡಿಗರು ಅಳೆದರು. ಹೆಜ್ಜೆಯಿಟ್ಟಾಗ ಮರಳು ಜಾರಿ ಶಕ್ತಿ ವ್ಯರ್ಥವಾಗುತ್ತದೆ, ಸ್ನಾಯುಗಳ ಕೆಲಸವೂ ಸಲೀಸಾಗಿ ಸಾಗುವುದಿಲ್ಲ. ಬೇಕಲ ಕೋಟೆಯ ಕೆಳಗೆ ಅಲೆ ತೊಯ್ಸಿದ ಬಿಗಿ ಮರಳಿನ ಮೇಲೆ ನಡೆಯುವವರು ಹರಟುತ್ತ ಹೋಗುತ್ತಾರೆ. ನಾಲ್ಕು ಮಾರು ಮೇಲೆ ಒಣ ಮರಳಿನಲ್ಲಿ ಕಾಲೆಳೆಯುವವರಿಗೆ ಮಾತು ಬೇಡವಾಗುತ್ತದೆ. ಒಣ ಮರಳಿನವರನ್ನು ಬಿಗುಮಾನದವರು ಎಂದರೆ ಅದು ನಮ್ಮ ತಪ್ಪು ಲೆಕ್ಕ.

ಇದಕ್ಕಿಂತ ಗಂಭೀರವಾದದ್ದು ರಕ್ತದ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುಗಳಿಗೆ ತಲುಪುವ ಆಮ್ಲಜನಕ ಕಡಿಮೆ, ಸಣ್ಣ ಏರಿಗೂ ಎದೆ ಹೊಡೆದುಕೊಳ್ಳುತ್ತದೆ. ನಾಲ್ಕು ಹೆಜ್ಜೆಗೆ ಕೂರುವ ಅಕ್ಕನನ್ನು “ಅವಳಿಗೆ ಆಸಕ್ತಿ ಇಲ್ಲ, ಅವಳದು ನಿಧಾನದ ಜಾಯಮಾನ” ಎಂದು ಮನೆಯವರೇ ಹೇಳುವುದನ್ನು ಕೇಳಿದ್ದೇನೆ. ಹಾಗೆ ಹೇಳಿಸಿಕೊಂಡವರು ಮುಂದಿನ ಸಲ ಬರುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ರಕ್ತಪರೀಕ್ಷೆ ಮತ್ತು ಕಬ್ಬಿಣದ ಮಾತ್ರೆ. ಸಿಕ್ಕಿದ್ದು ಒಂದು ಹಣೆಪಟ್ಟಿ. ವ್ಯಕ್ತಿತ್ವದ ಬಗ್ಗೆ ಮಾತಾಡುವಾಗ ನಾವು ಇನ್ನಷ್ಟು ಎಚ್ಚರದಿಂದಿರಬೇಕು ಎಂದು ನಾನು ಬಲವಾಗಿ ನಂಬಲು ಮುಖ್ಯ ಕಾರಣ ಇದೇ. ಚಟುವಟಿಕೆಯಿಂದ ಇರುವುದಕ್ಕೂ ಸ್ವಭಾವದ ಈ ಗುಣಗಳಿಗೂ ಇರುವ ನಂಟನ್ನು ಹತ್ತಾರು ಅಧ್ಯಯನ ಒಟ್ಟುಹಾಕಿ 2015ರಲ್ಲಿ ಅಳೆದಾಗ ಬಹಿರ್ಮುಖತೆಗೆ, ಅಚ್ಚುಕಟ್ಟುತನಕ್ಕೆ ಸಿಕ್ಕ ಸಹಸಂಬಂಧ ಸುಮಾರು 0.1. ಪೂರ್ಣ ಹೊಂದಿಕೆ ಎಂದರೆ 1. ನಂಟು ಇದೆ, ಆದರೆ ಒಬ್ಬರ ಮುಖ ನೋಡಿ ಅವರು ನಡೆಯುವವರೋ ಅಲ್ಲವೋ ಎಂದು ತೀರ್ಮಾನಿಸುವಷ್ಟು ಇಲ್ಲ.

ವಾಲ್ಟರ್ ಮಿಷೆಲ್ 1968ರಲ್ಲಿ ಬರೆದ ಪುಸ್ತಕವೊಂದು ಇದೇ ಜಾಡಿನಲ್ಲಿ ಮನೋವಿಜ್ಞಾನವನ್ನೇ ಅಲ್ಲಾಡಿಸಿತು. ಪ್ರಶ್ನಾವಳಿಯಲ್ಲಿ ಅಳೆದ ಗುಣಕ್ಕೂ ಒಂದು ನಿರ್ದಿಷ್ಟ ಸಂದರ್ಭದಲ್ಲಿನ ನಡವಳಿಕೆಗೂ ಇರುವ ಸಹಸಂಬಂಧ 0.3 ದಾಟುವುದು ಅಪರೂಪ ಎಂದು ಆತ ತೋರಿಸಿದ. ಮುಂದೆ ಆತ ಇನ್ನೊಂದು ಉಪಯುಕ್ತ ಭೇದವನ್ನೂ ಮಾಡಿದ. ಕೆಲವು ಸಂದರ್ಭಗಳು ಬಿಗಿ. ಹೇಗೆ ನಡೆದುಕೊಳ್ಳಬೇಕು ಎಂದು ಅವೇ ಹೇಳಿಬಿಡುತ್ತವೆ, ಅಲ್ಲಿ ಎಲ್ಲರೂ ಒಂದೇ ಥರ. ಕೆಲವು ಸಡಿಲ, ಅಲ್ಲಿ ಒಳಗಿನದು ಹೊರಗೆ ಬರುತ್ತದೆ.

ಈ ಭೇದ ಅರ್ಥವಾಗಲು ಯಕ್ಷಗಾನದ ಹಳೆಯ ಮೇಳಗಳನ್ನು ನೆನೆಯಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ತೆಂಕುತಿಟ್ಟಿನ ತವರು. ವಾಹನಗಳು ಬರುವುದಕ್ಕೆ ಮುಂಚೆ ರಾತ್ರಿಯಿಡೀ ಆಡಿ, ಬೆಳಗ್ಗೆ ಮಂಗಳ ಹಾಡಿ, ವೇಷದ ಪೆಟ್ಟಿಗೆ ಹೊರಿಸಿಕೊಂಡು ಕಲಾವಿದರು ಮುಂದಿನ ಆಟದ ಊರಿಗೆ ನಡೆದೇ ಹೋಗುತ್ತಿದ್ದರು. ಸಂಜೆಯೊಳಗೆ ಮುಟ್ಟಲೇಬೇಕು, ಚೌಕಿ ಸಿದ್ಧವಾಗಲೇಬೇಕು. ಅಲ್ಲಿ ಹೂ ನೋಡಲು ಕೂರುವ ಮನಸ್ಸಿದ್ದವರೂ ನಡೆದರು, ಬೇಸರದ ಸ್ವಭಾವದವರೂ ನಡೆದರು. ಅದು ಬಿಗಿ ನಡಿಗೆ. ರಜೆಯ ನಡಿಗೆಗೆ ಗಡುವಿಲ್ಲ, ಯಜಮಾನರಿಲ್ಲ, ತಲುಪದಿದ್ದರೆ ನಷ್ಟವಿಲ್ಲ. ಆದ್ದರಿಂದಲೇ ಅದರಲ್ಲಿ ಒಬ್ಬೊಬ್ಬರೂ ಒಂದೊಂದು ಥರ ಕಾಣುತ್ತಾರೆ. ಕಚೇರಿಯಲ್ಲಿ ಎಷ್ಟೋ ವರ್ಷ ಪಕ್ಕದ ಮೇಜಿನಲ್ಲಿ ಕೂತವರ ನಿಜವಾದ ಪರಿಚಯ ಒಂದು ಗುಡ್ಡ ಹತ್ತಿದಾಗ ಆಯಿತು ಎಂದು ಜನ ಹೇಳುವುದರಲ್ಲಿ ಹುರುಳಿದೆ.

ಆದರೆ ಆ ಪರಿಚಯವೂ ಪೂರ್ತಿಯಲ್ಲ. ವಿಲಿಯಂ ಫ್ಲೀಸನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಕೈಗೆ ಸಣ್ಣ ಕಂಪ್ಯೂಟರ್ ಕೊಟ್ಟು, ದಿನಕ್ಕೆ ಹಲವು ಸಲ, ವಾರಗಟ್ಟಲೆ, ಈಗ ನೀವು ಎಷ್ಟು ಮಾತುಗಾರರಾಗಿದ್ದೀರಿ, ಎಷ್ಟು ಅಚ್ಚುಕಟ್ಟಾಗಿದ್ದೀರಿ ಎಂದು ಕೇಳಿದ. ಒಬ್ಬನೇ ಮನುಷ್ಯ ವಾರದೊಳಗೆ ಹೆಚ್ಚು ಕಡಿಮೆ ಇಡೀ ಅಳತೆಪಟ್ಟಿಯ ಉದ್ದಕ್ಕೂ ಓಡಾಡುತ್ತಿದ್ದ. ಇಬ್ಬರು ಬೇರೆ ಬೇರೆ ಮನುಷ್ಯರ ನಡುವಿನ ಅಂತರಕ್ಕಿಂತ ಒಬ್ಬನೊಳಗಿನ ಏರಿಳಿತ ಕಡಿಮೆಯೇನಿರಲಿಲ್ಲ. ಹಾಗಿದ್ದೂ ಒಬ್ಬೊಬ್ಬರ ಸರಾಸರಿ ಮಾತ್ರ ವಾರದಿಂದ ವಾರಕ್ಕೆ ಅಷ್ಟಾಗಿ ಬದಲಾಗಲಿಲ್ಲ. ಮಿಷೆಲ್ ಹೇಳಿದ್ದೂ ಸರಿ, ಬಿಗ್ ಫೈವ್‌ನವರು ಹೇಳಿದ್ದೂ ಸರಿ. ಒಂದು ನಡಿಗೆಯನ್ನು ನೋಡಿ ಯಾರ ಸ್ವಭಾವವನ್ನೂ ಹೇಳಬಾರದು. ಹಲವು ನೆಲಗಳಲ್ಲಿ, ಹಲವು ಋತುಗಳಲ್ಲಿ ಜೊತೆಗೆ ನಡೆದರೆ ಹೇಳಬಹುದು. ಪದವಿನ ಬಿಸಿಲು, ಕಾಡಿನ ಏರು, ಹೊಳೆಬದಿಯ ಅಡಿಕೆ ತೋಟದ ತಂಪು, ಕಡಲಿನ ಮರಳು, ಇವುಗಳಲ್ಲಿ ಒಂದೊಂದೂ ಅದೇ ಮನುಷ್ಯನ ಬೇರೆ ಬೇರೆ ಗುಣವನ್ನು ಹೊರಗೆ ತರುತ್ತದೆ.

ಪ್ರವಾಸೋದ್ಯಮ ಮಾತ್ರ ಬಗೆಗಳನ್ನು ಬಿಟ್ಟುಕೊಟ್ಟಿಲ್ಲ, ಅದಕ್ಕೆ ಅವು ಬೇಕು. ಸ್ಟ್ಯಾನ್ಲಿ ಪ್ಲಾಗ್ 1960ರ ದಶಕದ ಕೊನೆಯಲ್ಲಿ ವಿಮಾನ ಕಂಪನಿಗಳಿಗಾಗಿ, ಹಣವಿದ್ದರೂ ಹಾರಲು ಒಪ್ಪದ ಜನರನ್ನು ಅಧ್ಯಯನ ಮಾಡಿದ. 1974ರಲ್ಲಿ ಆತ ಬರೆದ ಪ್ರಕಾರ ಪ್ರವಾಸಿಗರಲ್ಲಿ ಒಂದು ತುದಿಗೆ ಪರಿಚಿತವನ್ನೇ ಬಯಸುವವರು, ಇನ್ನೊಂದು ತುದಿಗೆ ಯಾರೂ ಹೋಗದ ಕಡೆ ಹೋಗುವವರು, ಹೆಚ್ಚಿನವರು ನಡುವೆ. ಹೊಸ ತಾಣಕ್ಕೆ ಮೊದಲು ಬರುವವರು ಸಾಹಸಿಗಳು. ಅವರು ಹೇಳಿದ್ದು ಕೇಳಿ ನಡುವಿನವರು ಬರುತ್ತಾರೆ, ಅವರಿಗಾಗಿ ಹೋಟೆಲು, ರಸ್ತೆ ಆಗುತ್ತವೆ. ಆಗ ಸಾಹಸಿಗಳು ಜಾಗ ಬಿಟ್ಟು ಹೊರಡುತ್ತಾರೆ. ಬೇಕಲದ ಕಥೆ ಇದಕ್ಕೆ ಹತ್ತಿರ. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದನೆನ್ನುವ, ಸುಮಾರು 40 ಎಕರೆ ಹರಡಿದ ಕೋಟೆಯನ್ನು ನೋಡಲು ಒಂದು ಕಾಲಕ್ಕೆ ಬರುತ್ತಿದ್ದವರು ಕೆಲವೇ ಜನ. 1992ರಲ್ಲಿ ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶವೆಂದು ಘೋಷಿಸಿತು, 1995ರಲ್ಲಿ ಅಭಿವೃದ್ಧಿ ನಿಗಮ ಬಂತು. ಅದೇ ವರ್ಷ ಮಣಿರತ್ನಂ ಅವರ ‘ಬಾಂಬೆ’ ಸಿನಿಮಾದ ಹಾಡೊಂದು ಕೋಟೆಯ ಮಳೆಯನ್ನೂ ಅಲೆಯನ್ನೂ ದೇಶಕ್ಕೆಲ್ಲ ತೋರಿಸಿತು. ಒಂಟಿಯಾಗಿ ನಡೆಯಲು ಬಯಸುವವರು ಈಗ ರಾಣಿಪುರಂ, ಕೋಟ್ಟಂಚೇರಿ ಕಡೆಗೆ ಮುಖ ಮಾಡಿದ್ದಾರೆ, ಅಲ್ಲಿಯೂ ರಜಾದಿನಗಳಲ್ಲಿ ಜನ ತುಂಬುತ್ತಿದ್ದಾರೆ. ತಾಣಗಳ ಏಳುಬೀಳನ್ನು ವಿವರಿಸುವಲ್ಲಿ ಪ್ಲಾಗ್ ಉಪಯುಕ್ತ. ಆದರೆ ಪಳ್ಳಿಕ್ಕೆರೆಯ ಕಡಲತೀರಕ್ಕೆ ಮೊಮ್ಮಕ್ಕಳನ್ನು ಕರೆದುಕೊಂಡು ಬರುವ ಅಜ್ಜ ಅದೇ ತಿಂಗಳು ಒಬ್ಬನೇ ತಲಕಾವೇರಿಯ ಕಡೆ ಹೊರಟರೆ ಆತನನ್ನು ಯಾವ ಖಾನೆಗೆ ಹಾಕುವುದು?

2018ರಲ್ಲಿ ಮಾರ್ಟಿನ್ ಗೆರ್ಲಾಕ್ ಮತ್ತು ಸಂಗಡಿಗರು 15 ಲಕ್ಷ ಪ್ರಶ್ನಾವಳಿಗಳನ್ನು ಕಂಪ್ಯೂಟರಿಗೆ ಕೊಟ್ಟು ಬಗೆಗಳ ಹುಡುಕಾಟವನ್ನು ಹೊಸದಾಗಿ ನಡೆಸಿದರು. ನಾಲ್ಕು ದಟ್ಟಣೆಗಳು ಕಂಡವು: ಸಾಧಾರಣ, ಮಿತಭಾಷಿ, ತನ್ನದೇ ನೋಡಿಕೊಳ್ಳುವವರು, ಮಾದರಿ ಎನಿಸುವವರು. ಗೋಡೆಗಳೇನೂ ಸಿಗಲಿಲ್ಲ, ಒಂದರಿಂದ ಇನ್ನೊಂದಕ್ಕೆ ಜಾರುವ ತಗ್ಗುದಿಣ್ಣೆಗಳಷ್ಟೇ. ವಯಸ್ಸಾಗುತ್ತ ಹೋದಂತೆ ಜನ ಆ ದಿಣ್ಣೆಗಳ ನಡುವೆ ಜರುಗುವ ಸೂಚನೆಯೂ ಇತ್ತು. ಇಪ್ಪತ್ತರಲ್ಲಿ ಗುಂಪು ಬಿಟ್ಟು ಮುಂದೋಡಿದವರು ಐವತ್ತರಲ್ಲಿ ಹಿಂದಿನವರಿಗಾಗಿ ಕಾಯುವುದನ್ನು ನಡಿಗೆಯ ಗುಂಪುಗಳಲ್ಲೂ ಕಾಣಬಹುದು.

ಗುಂಪು ಕಟ್ಟಿಕೊಂಡು ಹೋಗುವವರಿಗೆ ಇದನ್ನೆಲ್ಲ ತಿಳಿದುಕೊಂಡರೆ ಆಗುವ ಪ್ರಯೋಜನ ವೇಗದ ವಿಷಯದಲ್ಲಿ ಮೊದಲು ಸಿಗುತ್ತದೆ. ಒಬ್ಬೊಬ್ಬರ ದೇಹಕ್ಕೂ ಅತಿ ಕಡಿಮೆ ಶಕ್ತಿಯಲ್ಲಿ ಹೆಚ್ಚು ದೂರ ಸಾಗುವ ಒಂದು ವೇಗವಿದೆ. ಸಮತಟ್ಟಿನಲ್ಲಿ ಅದು ಗಂಟೆಗೆ ಸುಮಾರು 4.5 ಕಿಲೋಮೀಟರ್. ಜೊತೆಗಾರರಿಗಾಗಿ ನಾವು ಅದನ್ನು ಬಿಟ್ಟುಕೊಡುತ್ತೇವೆ. ಗಂಡಸರು ತಮ್ಮ ಪ್ರೇಯಸಿಯ ಜೊತೆ ನಡೆಯುವಾಗ ವೇಗವನ್ನು ಸುಮಾರು ಶೇ. 7ರಷ್ಟು ತಗ್ಗಿಸುತ್ತಾರೆ ಎಂದು 2013ರ ಅಧ್ಯಯನವೊಂದು ಅಳೆದಿದೆ. ಎಲ್ಲರೂ ಒಂದೇ ವೇಗದಲ್ಲಿ ನಡೆಯಬೇಕೆಂದು ಹಟ ಹಿಡಿದರೆ ವೇಗದವರಿಗೂ ದಣಿವು, ನಿಧಾನದವರಿಗೂ ಸಂಕಟ. ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ನಿಯಮ ಇಂದಿಗೂ ಚಲಾವಣೆಯಲ್ಲಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 10 ಮೀಟರ್ ಏರಿಗೆ ಒಂದು ನಿಮಿಷ ಹೆಚ್ಚು. ಎರಡೂವರೆ ಕಿಲೋಮೀಟರಿನಲ್ಲಿ 300 ಮೀಟರ್ ಏರುವ ದಾರಿಗೆ ಒಂದು ಗಂಟೆಯಾಯಿತು. ನಮ್ಮ ಕಡೆಯ ಸೆಕೆಗೆ, ಮಕ್ಕಳಿಗೆ, ಹಿರಿಯರಿಗೆ ಅದನ್ನು ಒಂದೂವರೆ ಮಾಡಿಕೊಳ್ಳಬೇಕು. ನಿಧಾನದವರು ಮುಂದೆ, ದಾರಿ ಬಲ್ಲ ವೇಗದವರೊಬ್ಬರು ಕೊನೆಯಲ್ಲಿ ಇರುವುದು ಆನೆ ಓಡಾಡುವ ಕಾಡಿನಲ್ಲಿ ಸುರಕ್ಷಿತವೂ ಹೌದು. ಹೂವಿನೆದುರು ಕೂರುವವರಿಗೆ ಬೇಕಾದ ಹೊತ್ತನ್ನು ಲೆಕ್ಕದಲ್ಲೇ ಸೇರಿಸಿದರೆ ಅವರನ್ನು ಗದರಿಸುವ ಪ್ರಮೇಯ ಬರುವುದಿಲ್ಲ.

ಮಾತಿನ ವಿಷಯದಲ್ಲಿ ಕೆನಡಾದ ಮನೋವಿಜ್ಞಾನಿ ಬ್ರಯಾನ್ ಲಿಟ್ಲ್ ಹೇಳುವುದು ನೆರವಾಗುತ್ತದೆ. ಮನುಷ್ಯರು ತಮಗೆ ಪ್ರಿಯವಾದ ಕೆಲಸಕ್ಕಾಗಿ, ಪ್ರಿಯವಾದವರಿಗಾಗಿ, ತಮ್ಮ ಸ್ವಭಾವದ ಆಚೆಗೂ ನಡೆದುಕೊಳ್ಳಬಲ್ಲರು, ಆದರೆ ಆಮೇಲೆ ಅವರಿಗೆ ಚೇತರಿಸಿಕೊಳ್ಳುವ ಜಾಗ ಬೇಕು ಎನ್ನುತ್ತಾರೆ ಅವರು. ಸ್ವತಃ ಅಂತರ್ಮುಖಿಯಾದ ಲಿಟ್ಲ್ ತುಂಬಿದ ಸಭೆಗಳನ್ನು ನಗಿಸುತ್ತ ಪಾಠ ಮಾಡಿದ ಮೇಲೆ ಶೌಚಾಲಯದ ಒಳಗೆ ಅಡಗಿ ಕೂರುತ್ತಿದ್ದರಂತೆ. ಗೆಳೆಯರ ಬಳಗದ ಜೊತೆ ಗುಡ್ಡ ಹತ್ತುವ ಮಿತಭಾಷಿಗಳಿಗೂ ಅಂಥ ಜಾಗ ಬೇಕು, ಮತ್ತು ಕಾಡಿನಲ್ಲಿ ಅದು ಸುಲಭವಾಗಿ ಸಿಗುತ್ತದೆ. ರಾಣಿಪುರಂನ ಹುಲ್ಲುಗಾವಲು ಮುಟ್ಟಿದ ಮೇಲೆ ಬುತ್ತಿ ಬಿಚ್ಚುವುದಕ್ಕೆ ಮುಂಚೆ ಅರ್ಧ ಗಂಟೆ ಯಾರೂ ಯಾರನ್ನೂ ಮಾತಾಡಿಸುವುದು ಬೇಡ ಎಂದು ಕೆಳಗೇ ಒಪ್ಪಂದ ಮಾಡಿಕೊಳ್ಳಬಹುದು. ಹರಟೆಯವರು ಮೊದಲ ಹತ್ತು ನಿಮಿಷ ಚಡಪಡಿಸುತ್ತಾರೆ. ಬುತ್ತಿ ಬಿಚ್ಚಿದ ಮೇಲೆ ಅವರಿಗೆ ಹೇಳಲು ಎಂದಿಗಿಂತ ಹೆಚ್ಚು ಇರುತ್ತದೆ, ಕೇಳುವುದಕ್ಕೆ ಮಿತಭಾಷಿಗಳೂ ಹತ್ತಿರ ಬಂದು ಕೂರುತ್ತಾರೆ.